ಎಂಬಿಎ ವಿದ್ಯಾರ್ಥಿಯ ಕೈಯಲ್ಲಿ ಗೂಗಲ್ ಕ್ಯಾಲೆಂಡರ್

ಎರಡು ವರ್ಷದ ಪೂರ್ಣಾವಧಿ ಎಂಬಿಎಯಲ್ಲಿ ತರಗತಿ, ಕೇಸ್ ಸ್ಟಡಿಯ (ಕಂಪನಿಯೊಂದು ಎದುರಿಸಿದ ಸನ್ನಿವೇಶದ ಬರಹ) ಗುಂಪುಚರ್ಚೆ, ಕ್ಲಬ್ಬಿನ ಕೆಲಸ ಮತ್ತು ಕ್ಯಾಂಪಸ್ ನೇಮಕಾತಿಯ ಸಿದ್ಧತೆ ಎಲ್ಲವೂ ಒಂದೇ ಸಂಜೆಯ ಮೇಲೆ ಹಕ್ಕು ಸಾಧಿಸುವುದರಿಂದ, 2006ರಲ್ಲಿ ಬಂದ ಈ ಉಚಿತ ಸೇವೆಯನ್ನು ಆ ಒಂದು ದೃಷ್ಟಿಯಿಂದಲೇ ಅಳೆದಿದ್ದೇನೆ. ಇದರ ನಿಜವಾದ ಬಲವಿರುವುದು ಬೇರೆ ಬೇರೆ ಕ್ಯಾಲೆಂಡರ್‌ಗಳನ್ನು ಪ್ರತ್ಯೇಕ ಬಣ್ಣಗಳಲ್ಲಿ ಒಟ್ಟಿಗೆ ನೋಡುವ ಸೌಲಭ್ಯದಲ್ಲಿ: ಬುಧವಾರ ಸಂಜೆ ಏಳಕ್ಕೆ ಮಾರ್ಕೆಟಿಂಗ್ ಗುಂಪಿನ ಹಸಿರು ಪಟ್ಟಿಯೂ ಅಣಕು ಸಂದರ್ಶನದ ಕೆಂಪು ಪಟ್ಟಿಯೂ ಅಕ್ಕಪಕ್ಕ ಇಕ್ಕಟ್ಟಾಗಿ ನಿಂತಾಗ, ಯಾವುದನ್ನು ಬಿಡಬೇಕೆಂಬ ಪ್ರಶ್ನೆಯನ್ನು ಮುಂದೂಡಲು ಸಾಧ್ಯವೇ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಡಗಿರುವ ‘ಸ್ಪೀಡಿ ಮೀಟಿಂಗ್ಸ್’ ಆಯ್ಕೆಯು ಹೊಸದಾಗಿ ಗೊತ್ತುಪಡಿಸುವ 30 ನಿಮಿಷದ ಸಭೆಯನ್ನು 25ಕ್ಕೂ 60 ನಿಮಿಷದ್ದನ್ನು 50ಕ್ಕೂ ಇಳಿಸುತ್ತದೆ. ಹಾಸ್ಟೆಲಿನಿಂದ ತರಗತಿಗೆ ನಡೆಯುವ ಹೊತ್ತು ಅಲ್ಲೇ ದಕ್ಕುತ್ತದೆ (ಗುಂಪಿನವರು ಸಮಯಕ್ಕೆ ಬಂದರೆ, ಎನ್ನಿ). ಓದಿಗೆ ಮಾತ್ರ ಇದು ಅಷ್ಟಾಗಿ ಒದಗದು. ಇಪ್ಪತ್ತು ಪುಟದ ಕೇಸ್ ಓದಲು ಎಷ್ಟು ಹೊತ್ತು ಬೇಕೆಂಬುದನ್ನು ನಾವೇ ಅಂದಾಜಿಸಿ ಗುರುತು ಹಾಕಿಕೊಳ್ಳಬೇಕು, ಉಳಿದ ಕೆಲಸಗಳು ಮೊದಲು ಕಬಳಿಸುವುದೂ ಆ ಹೊತ್ತನ್ನೇ. ಮೊಬೈಲಿನಲ್ಲಿ ತಿಂಗಳ ನೋಟ ಕಿಕ್ಕಿರಿದು ಕಾಣುತ್ತದೆ. ಆದರೂ ಕಾಗದದ ಡೈರಿಗಿಂತ ಇದನ್ನೇ ಶಿಫಾರಸು ಮಾಡುತ್ತೇನೆ. ಕ್ಯಾಲೆಂಡರ್ ಹಂಚಿಕೊಂಡ ತಂಡದ ಐವರ ಬಿಡುವನ್ನೂ ಒಂದೇ ನೋಟಕ್ಕೆ ತೋರಿಸುವುದು ಡೈರಿಯಿಂದ ಆಗದ ಕೆಲಸ.