ಒಣ ಕಣ್ಣಿಗೆ ಯಾವ ಹನಿ ಹಾಕಬೇಕು? ನಾನು ಹಾಕಿ ನೋಡಿದವುಗಳ ಹೋಲಿಕೆ

ಡಾಕ್ಟರ ಚೀಟಿ ಇಲ್ಲದೆ ಸಿಗುವ ಐ ಡ್ರಾಪ್ಸ್ ಕೊಳ್ಳುವಾಗ ಡಬ್ಬಿಯ ಮುಂಭಾಗ ಓದಿ ಆರಿಸಬೇಡಿ. ಅಲ್ಲಿ ಎಲ್ಲದರ ಮೇಲೂ ತಂಪು, ಆರಾಮ, ತೇವ ಅಂತಲೇ ಇರುತ್ತದೆ. ತಿರುಗಿಸಿ ಹಿಂದೆ ನೋಡಿ. ಸಣ್ಣ ಅಕ್ಷರದಲ್ಲಿ ಎರಡು ವಿಷಯ ಸಿಗುತ್ತವೆ: ತೇವ ಕೊಡುವ ಮದ್ದು ಯಾವುದು, ಅದು ಕೆಡದಿರಲು ಹಾಕಿರುವ ಪ್ರಿಸರ್ವೇಟಿವ್ ಯಾವುದು. ಹಲವು ಬಗೆಯ ಹನಿ ಹಾಕಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ದಿನಕ್ಕೆ ತುಂಬಾ ಸಲ ಹಾಕುವವರಿಗೆ ಎರಡನೆಯದೇ ಜಾಸ್ತಿ ಮುಖ್ಯ.

ತೆಳು ಹನಿಗಳಲ್ಲಿ ಎಲ್ಲೆಡೆ ಸಿಗುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಚಿಕ್ಕದಾಗಿ ಸಿಎಂಸಿ. 0.5% ಇರುವುದನ್ನು ಹಾಕಿದ ತಕ್ಷಣ ಹಾಯೆನಿಸುತ್ತದೆ, ಕಣ್ಣು ಅಷ್ಟಾಗಿ ಮಂಜಾಗುವುದಿಲ್ಲ, ಕೆಲಸದ ಮಧ್ಯೆ ಹಾಕಿಕೊಂಡು ಮುಂದುವರಿಸಬಹುದು. ಆದರೆ ನನಗೆ ಆ ಆರಾಮ ಬೇಗ ಇಳಿದುಹೋಗುತ್ತಿತ್ತು, ಅದರಲ್ಲೂ ಸ್ಕ್ರೀನ್ ಮುಂದೆ ಕೂತಾಗ, ಏಕೆಂದರೆ ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಬಡಿದರೂ ಎಷ್ಟೋ ಸಲ ಪೂರ್ತಿ ಮುಚ್ಚುವುದಿಲ್ಲ. 1% ಇರುವುದು ಸ್ವಲ್ಪ ದಪ್ಪ. ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಕೆಲವು ನಿಮಿಷ ಅಕ್ಷರಗಳು ಮಸುಕಾಗುತ್ತವೆ. ಗಾಡಿ ಓಡಿಸುವ ಮೊದಲು ಅದನ್ನು ನಾನು ಹಾಕುವುದಿಲ್ಲ.

ಎಚ್‌ಪಿಎಂಸಿ, ಅಂದರೆ ಹೈಪ್ರೊಮೆಲೋಸ್, ಹಳೆಯ ಮದ್ದು. ಕೆಲಸ ಮಾಡುತ್ತದೆ. ಆದರೆ ರೆಪ್ಪೆಗೂದಲ ಮೇಲೆ ಒಣಗಿ ಬಿಳಿ ಪುಡಿಯ ಹಾಗೆ ಅಂಟಿಕೊಳ್ಳುತ್ತದೆ. ನನಗೆ ಅದು ಇಷ್ಟವಾಗಲಿಲ್ಲ.

ಸೋಡಿಯಂ ಹಯಲುರೋನೇಟ್ ನನ್ನ ಕಣ್ಣಿಗೆ ಚೆನ್ನಾಗಿ ಒಗ್ಗಿತು. ಇದಕ್ಕೆ ನೀರನ್ನು ಹಿಡಿದಿಡುವ ಗುಣ ಇದೆ, ಮತ್ತೆ ರೆಪ್ಪೆ ಬಡಿದಾಗ ತೆಳುವಾಗಿ ಹರಡಿ, ಕಣ್ಣು ತೆರೆದಿರುವಾಗ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಹೊತ್ತು ಜಾಸ್ತಿ ನಿಂತರೂ ಮಂಜು ಕಡಿಮೆ. ಇದಕ್ಕೆ ಪೈಪೋಟಿ ಕೊಟ್ಟಿದ್ದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಜೊತೆಗೆ ಗ್ವಾರ್ (ಗೋರಿಕಾಯಿ ಬೀಜದ ಅಂಟು) ಇರುವ ಹನಿ. ಅದು ಬಾಟಲಿಯಲ್ಲಿ ತೆಳುವಾಗಿದ್ದು ಕಣ್ಣೀರಿಗೆ ಸೇರಿದ ಮೇಲೆ ಜೆಲ್ ಥರ ಆಗುತ್ತದೆ. ಗಾಳಿ ಜೋರಾಗಿ ಬಡಿಯುವ ಕಡೆ ನನಗೆ ಇದೇ ಮೇಲು ಅನ್ನಿಸಿತು, ಓದುವಾಗ ಹಯಲುರೋನೇಟ್. ಇದು ನನ್ನ ಕಣ್ಣಿನ ಮಾತು ಅಷ್ಟೇ, ನಿಮ್ಮದು ಬೇರೆ ಹೇಳಬಹುದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2016ರ ವಿಮರ್ಶೆ ಇಂಥ ಹನಿಗಳ 43 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಆಗಲೂ ಇಂಥದ್ದೇ ಎಲ್ಲಕ್ಕಿಂತ ಮೇಲು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಆದ್ದರಿಂದ ಸುಮ್ನೆ ದುಬಾರಿಯದನ್ನೇ ಹುಡುಕುವ ಅಗತ್ಯ ಇಲ್ಲ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಬೇಕು. ಎಲ್ಲರ ಕಣ್ಣೂ ನೀರು ಸಾಲದೆ ಒಣಗುವುದಿಲ್ಲ. ರೆಪ್ಪೆಯ ಅಂಚಿನಲ್ಲಿ ಮೈಬೋಮಿಯನ್ ಗ್ರಂಥಿಗಳಿವೆ, ಅವು ಕಣ್ಣೀರಿನ ಮೇಲೆ ತೆಳುವಾದ ಎಣ್ಣೆ ಪದರ ಹಾಕುತ್ತವೆ. ಅವು ಕಟ್ಟಿಕೊಂಡರೆ ನೀರು ಇದ್ದರೂ ಬೇಗ ಆವಿಯಾಗುತ್ತದೆ, ಕಣ್ಣು ಉರಿದು ಸುಮ್ಮನೆ ನೀರು ಸುರಿಯುವುದೂ ಉಂಟು. ಅಂಥವರಿಗೆ ಮಿನರಲ್ ಆಯಿಲ್ ಅಥವಾ ಹರಳೆಣ್ಣೆ ಬೆರೆತ, ನೋಡಲು ಹಾಲಿನಂತಿರುವ ಹನಿ ಹೆಚ್ಚು ಒಪ್ಪಬಹುದು. ನನಗೆ ಅದು ಹಾಕಿದ ತಕ್ಷಣ ಸ್ವಲ್ಪ ಮಸುಕು ಮಾಡಿತು, ಆಮೇಲೆ ಚೆನ್ನಾಗಿತ್ತು. ಆದರೆ ಮುಚ್ಚಿದ ರೆಪ್ಪೆಯ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆ ಇಟ್ಟುಕೊಳ್ಳುವುದರಿಂದ ಆದಷ್ಟು ಉಪಯೋಗ ಆ ಹನಿಯಿಂದ ಆಗಲಿಲ್ಲ.

ಈಗ ಪ್ರಿಸರ್ವೇಟಿವ್ ವಿಷಯ. ಒಂದೇ ಸಿಎಂಸಿ, ಒಂದೇ 0.5%, ಎರಡು ಬಾಟಲಿ ಹಾಕಿ ನೋಡಿದ್ದೇನೆ. ಒಂದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇತ್ತು, ಇನ್ನೊಂದರಲ್ಲಿ ಪ್ರಿಸರ್ವೇಟಿವ್ ಇರಲಿಲ್ಲ. ಅಪರೂಪಕ್ಕೆ ಹಾಕುವಾಗ ಎರಡೂ ಒಂದೇ. ಪದೇ ಪದೇ ಹಾಕಲು ಶುರು ಮಾಡಿದಾಗ ಮೊದಲನೆಯದು ಹಾಕಿದರೆ ಸಣ್ಣಗೆ ಉರಿ, ಎರಡನೆಯದಕ್ಕೆ ಉರಿ ಇಲ್ಲ. ಕಾರಣ ಇದೆ. ಬೆಂಜಾಲ್ಕೋನಿಯಂ ಸೋಪಿನ ಜಾತಿಯ ರಾಸಾಯನಿಕ. ರೋಗಾಣುವಿನ ಹೊರಪದರ ಒಡೆದು ಕೊಲ್ಲುತ್ತದೆ, ಆದರೆ ಹೆಚ್ಚು ಸಲ ಬಿದ್ದರೆ ಕಣ್ಣಿನ ಮೇಲ್ಪದರದ ಕೋಶಗಳನ್ನೂ ಕಣ್ಣೀರಿನ ಎಣ್ಣೆ ಪದರವನ್ನೂ ಕೆಡಿಸುತ್ತದೆ. ಒಣ ಕಣ್ಣಿಗೆ ಹಾಕುವ ಮದ್ದೇ ಒಣಗಿಸುವ ಕೆಲಸ ಮಾಡಿದರೆ ಏನು ಪ್ರಯೋಜನ, ಅಲ್ವಾ? ಮೃದು ಕಾಂಟ್ಯಾಕ್ಟ್ ಲೆನ್ಸ್ ಇದನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಲೆನ್ಸ್ ತೆಗೆದು ಹನಿ ಹಾಕಿ, 15 ನಿಮಿಷವಾದರೂ ಬಿಟ್ಟು ಲೆನ್ಸ್ ಮತ್ತೆ ಹಾಕಿಕೊಳ್ಳಬೇಕು. ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಮತ್ತು ಸೋಡಿಯಂ ಪರ್ಬೋರೇಟ್ ಅನ್ನುವ ಪ್ರಿಸರ್ವೇಟಿವ್‌ಗಳು ಬೆಂಜಾಲ್ಕೋನಿಯಂಗಿಂತ ಸೌಮ್ಯ, ಕಣ್ಣಿಗೆ ಬಿದ್ದ ಮೇಲೆ ಅವು ಒಡೆದು ನಿರುಪದ್ರವಿ ಆಗುತ್ತವೆ. ದಿನಕ್ಕೆ 4 ಸಲಕ್ಕಿಂತ ಹೆಚ್ಚು ಹಾಕುವ ಪರಿಸ್ಥಿತಿ ಇದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ತೆಗೆದುಕೊಳ್ಳಿ.

ಅದರಲ್ಲೂ ಎರಡು ಥರ. ಒಂದು ಸಲಕ್ಕೆ ಒಡೆದು ಬಳಸುವ ಪುಟ್ಟ ಪ್ಲಾಸ್ಟಿಕ್ ವಯಲ್, ಇಲ್ಲವೇ ಗಾಳಿ, ರೋಗಾಣು ಒಳಗೆ ಹಿಂತಿರುಗದಂತೆ ಕವಾಟ ಇರುವ ಬಾಟಲಿ. ವಯಲ್ ಶುದ್ಧ, ಆದರೆ ಪ್ಲಾಸ್ಟಿಕ್ ಕಸ ರಾಶಿ ಬೀಳುತ್ತದೆ, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಕವಾಟದ ಬಾಟಲಿ ಅನುಕೂಲ, ಒತ್ತಲು ಸ್ವಲ್ಪ ಬಲ ಬೇಕು, ಕೈಬೆರಳು ನೋಯುವ ಹಿರಿಯರಿಗೆ ಕಷ್ಟ. ನಾನು ಉಳಿಸಿಕೊಂಡಿದ್ದು ಕವಾಟದ್ದನ್ನು. ಪ್ರಿಸರ್ವೇಟಿವ್ ಇಲ್ಲ ಅಂದಮಾತ್ರಕ್ಕೆ ಸುರಕ್ಷಿತ ಅಂತಲ್ಲ, ಇದನ್ನು ದಯವಿಟ್ಟು ನೆನಪಿಡಿ. 2023ರಲ್ಲಿ ಅಮೆರಿಕದಲ್ಲಿ ಪ್ರಿಸರ್ವೇಟಿವ್ ಇಲ್ಲದ, ಹಲವು ಸಲ ಬಳಸುವ ಬಾಟಲಿಯ ಕೃತಕ ಕಣ್ಣೀರಿನಿಂದ ಔಷಧಿಗೆ ಬಗ್ಗದ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿತು. 18 ರಾಜ್ಯಗಳಲ್ಲಿ 81 ಮಂದಿಗೆ ತಗುಲಿ, 4 ಮಂದಿ ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು. ಆದ್ದರಿಂದ ಸೀಲು ಒಡೆದಿರುವುದು, ಹೆಸರು ಕೇಳಿರದ ಆನ್‌ಲೈನ್ ಮಾರಾಟಗಾರರ ಅಗ್ಗದ ಸರಕು, ಅವಧಿ ಮುಗಿದದ್ದು, ಇವು ಬೇಡವೇ ಬೇಡ. ಮಾಮೂಲಿ ಬಾಟಲಿ ತೆರೆದ ದಿನಾಂಕ ಅದರ ಮೇಲೇ ಬರೆದಿಡಿ. ಬಹುಪಾಲು ಬಾಟಲಿಗಳನ್ನು ತೆರೆದ 28 ದಿನಕ್ಕೆ ಎಸೆಯಲು ಹೇಳಿರುತ್ತಾರೆ. ಕೆಲವು ಕವಾಟದವು ಇನ್ನೂ ಹೆಚ್ಚು ದಿನ ಬರುತ್ತವೆ, ಲೇಬಲ್ ನೋಡಿ.

ರಾತ್ರಿಗೆ ಜೆಲ್ ಅಥವಾ ಮುಲಾಮು. ಮುಲಾಮು ಹಾಕಿದರೆ ಏನೂ ಸರಿಯಾಗಿ ಕಾಣುವುದಿಲ್ಲ, ಹಾಕಿ ಮಲಗಿಬಿಡಬೇಕು. ನಿದ್ದೆಯಲ್ಲಿ ರೆಪ್ಪೆ ಅರ್ಧ ತೆರೆದಿರುವವರಿಗೆ ಬಹಳ ಉಪಯೋಗ.

ಕೆಂಪು ಕಡಿಮೆ ಮಾಡುತ್ತೇವೆ ಅನ್ನುವ ಹನಿಗಳನ್ನು ಈ ಪೈಪೋಟಿಗೇ ಸೇರಿಸಲಿಲ್ಲ. ಡಬ್ಬಿಯ ಹಿಂಭಾಗದಲ್ಲಿ ನ್ಯಾಫಜೋಲಿನ್ ಅಥವಾ ಟೆಟ್ರಾಹೈಡ್ರೋಜೋಲಿನ್ ಅಂತ ಇದ್ದರೆ ವಾಪಸ್ ಇಡಿ. ಅವು ರಕ್ತನಾಳ ಕುಗ್ಗಿಸುತ್ತವೆ ಅಷ್ಟೇ, ಒಣಗುವಿಕೆ ಹಾಗೇ ಇರುತ್ತದೆ, ಬಿಟ್ಟ ಮೇಲೆ ಕೆಂಪು ಇನ್ನೂ ಜಾಸ್ತಿಯಾಗಬಹುದು. ಸ್ಟೀರಾಯ್ಡ್ ಹನಿಯನ್ನಂತೂ ಯಾರೋ ಪರಿಚಯದವರು ಹೇಳಿದರು ಅಂತ ಹಾಕಲೇಬಾರದು, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಪೊರೆ ಎರಡಕ್ಕೂ ದಾರಿ. ಜೇನು, ಗುಲಾಬಿ ನೀರು ಕೂಡ ಬೇಡ, ಅವು ಕಣ್ಣಿಗೆ ಹಾಕುವ ಮಟ್ಟಕ್ಕೆ ರೋಗಾಣುಮುಕ್ತ ಅಲ್ಲ.

ಯಾವುದನ್ನೇ ಹಾಕಿ, ಒಂದು ಹನಿ ಸಾಕು. ಕೈ ತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಎಲ್ಲೂ ತಾಗದಂತೆ ಹಾಕಿ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಎರಡನೆಯ ಮದ್ದು ಇದ್ದರೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ.

ನೋವು, ಬೆಳಕು ನೋಡಲಾಗದಿರುವುದು, ಕೀವು, ದೃಷ್ಟಿ ಕುಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಹನಿ ಬದಲಾಯಿಸುತ್ತಾ ಕೂರದೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಆಂಟಿಹಿಸ್ಟಮಿನ್ ಮಾತ್ರೆಯೂ ಕಣ್ಣು ಒಣಗಿಸುತ್ತದೆ, ಅಂಥದ್ದು ನುಂಗುತ್ತಿದ್ದರೆ ಅವರಿಗೆ ಹೇಳಿ. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಅದನ್ನೂ ಮರೆಯದೆ ಹೇಳಬೇಕು, ಶೋಗ್ರೆನ್ ಅನ್ನುವ ಕಾಯಿಲೆ ಇದೆಯೇ ಅಂತ ರಕ್ತ ಪರೀಕ್ಷೆ ಬೇಕಾಗಬಹುದು.