ಮೊಸೆಲ್ ದಡವೋ, ಸೌವರ್ ದಡವೋ?

ಲಕ್ಸೆಂಬರ್ಗ್-ಜರ್ಮನಿ ಗಡಿಯಲ್ಲಿ ಮೋಟರ್‌ಹೋಮ್ (ಒಳಗೇ ಮಲಗಿ ಉಳಿಯಬಹುದಾದ ವಾಹನ) ಪ್ರವಾಸವೆಂದರೆ ಈ ಎರಡರಲ್ಲಿ ಒಂದು ನದಿ.

ಮೊಸೆಲ್ ಅಗಲ. ಬೆಳಗ್ಗೆ ಕಾಫಿ ಹಿಡಿದು ಕೂತರೆ ಉದ್ದನೆಯ ಸರಕು ದೋಣಿ ಕಣ್ಣೆದುರೇ ಸಾಗುತ್ತದೆ, ಅದೆಬ್ಬಿಸಿದ ಅಲೆ ಸ್ವಲ್ಪ ಹೊತ್ತಿನ ನಂತರ ದಡದ ಕಲ್ಲಿಗೆ ಬಡಿಯುತ್ತದೆ. ಇಳಿಜಾರಿನ ತುಂಬ ದ್ರಾಕ್ಷಿತೋಟ. 1985ರಲ್ಲಿ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಬಿದ್ದ ಶೆಂಗೆನ್ ಊರೂ ಇದರ ದಡದ್ದೇ.

ಸೌವರ್ ಕಿರಿದು, ಶಾಂತ. ಲಕ್ಸೆಂಬರ್ಗ್‌ನ ಎಖ್ಟರ್ನಾಖ್ ಊರಿನಲ್ಲಿ ಸೇತುವೆ ದಾಟಿದರೆ ಜರ್ಮನಿ. ಹತ್ತಿರದಲ್ಲೇ ಮುಲ್ಲರ್ಟಾಲ್‌ನ ಬಂಡೆಕಾಡು, 112 ಕಿ.ಮೀ. ಕಾಲುದಾರಿ. ಮಕ್ಕಳ ಜೊತೆಗಾದರೆ ನನ್ನ ಮತ ಇದಕ್ಕೇ. ಆದರೆ 2021ರ ಜುಲೈಯಲ್ಲಿ ನದಿ ಊರೊಳಗೇ ನುಗ್ಗಿತ್ತು. ಜೋರು ಮಳೆಯಿದ್ದರೆ ದಡದಂಚಿನ ಜಾಗ ಬೇಡವೇ ಬೇಡ.

ಎಲ್ಲಿ ನಿಂತರೂ ಊರು ನೋಡಲು ಬಸ್ಸೇರಿ: ಲಕ್ಸೆಂಬರ್ಗ್‌ನೊಳಗೆ 2020ರಿಂದ ಅದು ಪುಕ್ಕಟೆ.