ಡೂ-ಇಟ್ ಅಚ್ಚು, ಪ್ರೊ-ಟೆಕ್ ಪುಡಿ ಬಣ್ಣ: ಮನೆಯಲ್ಲೇ ಸೀಸದ ಜಿಗ್ ಎರಕ ಹೊಯ್ಯುವವರಿಗೆ

ಗಾಳದ ಕುತ್ತಿಗೆಗೆ ಅಂಟಿಕೊಂಡಿರುವ ಬಟಾಣಿ ಗಾತ್ರದ ಸೀಸದ ತಲೆಗೇ ಜಿಗ್ ಅನ್ನುವುದು. ಕಾಲು ಔನ್ಸಿನ ಜಿಗ್ಗಿಗೆ 7.1 ಗ್ರಾಂ ಸೀಸ ಸಾಕು, ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 140 ಆಗುತ್ತವೆ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಕಲ್ಲುತಳದ ಕೆರೆಗಳಲ್ಲಿ ವಾಲ್‌ಐ ಮೀನಿಗೆ ಗಾಳ ಹಾಕುವವರು ಒಂದೇ ದಿನದಲ್ಲಿ ಹತ್ತಾರು ಜಿಗ್ಗುಗಳನ್ನು ಕಲ್ಲುಸಂದಿಗೆ ಕಳೆದುಕೊಳ್ಳುವುದುಂಟು. ಅಂಥವರು ಅಂಗಡಿಯ ದರ ಕೊಟ್ಟು ಸಾಕಾಗಿ ಕೊನೆಗೆ ಎರಕಕ್ಕೆ ಇಳಿಯುತ್ತಾರೆ. ನಮ್ಮ ಕರಾವಳಿಯ ಬೀಸುಬಲೆಯ ಅಂಚಿನಲ್ಲೂ ಇದೇ ಸೀಸದ ಮಣಿಗಳಿವೆ. ಆದರೆ ಅಲ್ಲಿ ಬೇಕಾದದ್ದು ಬರೀ ತೂಕ. ಜಿಗ್ಗಿಗೆ ತೂಕದ ಜೊತೆ ಆಕಾರ, ಬಣ್ಣ, ಗಾಳ ಕೂರುವ ಕೋನ, ಎಲ್ಲವೂ ಸರಿಯಿರಬೇಕು.

ಇಲ್ಲಿ ನೋಡುತ್ತಿರುವುದು ಮೂರು ಸಾಮಾನು: ಅಯೋವಾ ರಾಜ್ಯದ ಡೆನ್ವರ್ ಊರಿನ ಡೂ-ಇಟ್ ಕಂಪನಿಯ ಅಲ್ಯೂಮಿನಿಯಂ ಅಚ್ಚು, ವಿಸ್ಕಾನ್ಸಿನ್ನಿನ ಲೀ ಪ್ರಿಸಿಷನ್ ಕಂಪನಿಯ 20 ಪೌಂಡಿನ ಸೀಸದ ಕುಲುಮೆ, ಮತ್ತು 2 ಔನ್ಸಿನ ಡಬ್ಬಿಯಲ್ಲಿ ಬರುವ ಪ್ರೊ-ಟೆಕ್ ಪುಡಿ ಬಣ್ಣ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೂರೂ ಕೊಟ್ಟ ದುಡ್ಡಿಗೆ ತಕ್ಕವೇ. ಆದರೆ ಇವುಗಳ ಜೊತೆಗೆ ಒಂದು ಒಳ್ಳೆಯ ಥರ್ಮಾಮೀಟರ್ ಕೊಳ್ಳದಿದ್ದರೆ ಮೂರರಿಂದಲೂ ಪೂರ್ತಿ ಪ್ರಯೋಜನವಿಲ್ಲ. ಈ ಕೆಲಸದಲ್ಲಿ ಕೆಡುವ ಹತ್ತರಲ್ಲಿ ಎಂಟು ಕೆಡುವುದು ಕಾವು ತಪ್ಪಿದ್ದರಿಂದ.

ಮೊದಲು ಕುಲುಮೆ. ಲೀ ಕಂಪನಿಯ ಪ್ರೊ 4-20 ಅನ್ನುವುದು 700 ವ್ಯಾಟಿನ, 9 ಕಿಲೋ ಸೀಸ ಹಿಡಿಯುವ ಪಾತ್ರೆ. ತಳದಲ್ಲಿ ಕೊಳವೆಯಿದೆ, ಹಿಡಿಕೆ ಎತ್ತಿದರೆ ಸೀಸ ಅಚ್ಚಿಗೆ ಇಳಿಯುತ್ತದೆ. ರೈಫಲ್ ಗುಂಡು ಎರಕ ಹೊಯ್ಯುವ ಅಮೆರಿಕದ ಹವ್ಯಾಸಿಗಳು ಬಳಸುವುದೂ ಇದನ್ನೇ. ಕೊಳವೆಯ ಕೆಳಗೆ 4 ಇಂಚು ಜಾಗವಿರುವುದರಿಂದ ಅಗಲದ ಜಿಗ್ ಅಚ್ಚುಗಳೂ ಹಿಡಿಸುತ್ತವೆ. 220 ವೋಲ್ಟಿನ ಮಾದರಿಯೂ ಇದೆ. ಕೊರತೆ ಒಂದೇ: ಅದರ ಗುಂಡಿಯ ಮೇಲೆ ಇರುವುದು ಅಂಕಿಗಳು, ಡಿಗ್ರಿಯಲ್ಲ. ಪಾತ್ರೆ ತುಂಬಿದ್ದಾಗ ಒಂದು ಅಂಕಿಗೆ ಸಿಗುವ ಕಾವು ಪಾತ್ರೆ ಅರ್ಧಕ್ಕಿಳಿದಾಗ ಅದೇ ಅಂಕಿಗೆ ಸಿಗುವುದಿಲ್ಲ, ಏರುತ್ತದೆ. ಅದಕ್ಕೇ ಥರ್ಮಾಮೀಟರ್ ಬೇಕೆಂದದ್ದು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜಿಗ್ಗಿಗೆ ಹೊಯ್ಯಲು 370ರಿಂದ 400 ಹದವಾದ ಕಾವು.

ತಳದಿಂದ ಸುರಿಯುವ ಕುಲುಮೆ ಯಾವ ಕಂಪನಿಯದಾದರೂ ಕೊಳವೆ ಸೋರುವ ಕಾಟ ಇದ್ದದ್ದೇ. ಕಾರಣ ಬಹುತೇಕ ಕಸ. ತುಕ್ಕು, ಮರಳು, ಕಿಟ್ಟದ ಒಂದು ಚೂರು ಕವಾಟದ ಕಡ್ಡಿಗೂ ಅದರ ಕುಳಿಗೂ ನಡುವೆ ಸಿಕ್ಕಿದರೆ ಸೀಸ ತೊಟ್ಟಿಕ್ಕುತ್ತದೆ. ಕಡ್ಡಿಯ ತಲೆಯ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಅತ್ತಿತ್ತ ನಾಲ್ಕು ಸಲ ತಿರುಗಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ಕೊಳಕು ಸೀಸವನ್ನು ಈ ಕುಲುಮೆಗೆ ಹಾಕದಿರುವುದು. ಹಳೆಯ ಸೀಸವನ್ನು ಬೇರೆಯೇ ಒಂದು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿ, ಶುದ್ಧ ಮಾಡಿ, ಗಟ್ಟಿಗಳಾಗಿ ಹೊಯ್ದಿಟ್ಟುಕೊಂಡು, ಆ ಗಟ್ಟಿಗಳನ್ನು ಮಾತ್ರ ಇದಕ್ಕೆ ಕೊಡಿ. ಶುದ್ಧ ಮಾಡಲು ಕಡಲೆಕಾಳಿನಷ್ಟು ಮೇಣ ಹಾಕಿ ಕಲಕಬೇಕು. ಹೊಗೆಯೇಳುತ್ತದೆ. ಆ ಹೊಗೆಗೆ ನೀವೇ ಉದ್ದ ಕಡ್ಡಿಯಿಂದ ಬೆಂಕಿ ತಾಗಿಸಿಬಿಟ್ಟರೆ ಅದು ಉರಿದು ಹೋಗುತ್ತದೆ, ಕಣ್ಣಿಗೆ ರಾಚುವುದಿಲ್ಲ. ಮೇಲೆ ತೇಲುವ ಬೂದುಬಣ್ಣದ ಕಿಟ್ಟವನ್ನು ಸೌಟಿನಿಂದ ತೆಗೆಯಿರಿ. ಕಿಟ್ಟದಲ್ಲಿರುವುದು ಸೀಸದ ಪುಡಿಯೇ, ಹಾಗಾಗಿ ಅದಕ್ಕೊಂದು ಮುಚ್ಚಳವಿರುವ ಡಬ್ಬಿ ಬೇಕು.

ಯಾವ ಸೀಸ? ಜಿಗ್ಗಿಗೆ ಮೆತ್ತನೆಯ ಶುದ್ಧ ಸೀಸವೇ ಲೇಸು. ಗುಂಡು ಹೊಯ್ಯುವವರು ಹುಡುಕಿಕೊಂಡು ಹೋಗುವ ಆಂಟಿಮನಿ ಬೆರೆತ ಗಟ್ಟಿ ಸೀಸ ಇಲ್ಲಿ ತೊಂದರೆಯೇ ಸರಿ, ಸೀಸ ಹೊಯ್ದ ಕಂಡಿಯಲ್ಲಿ ಉಳಿದು ತಲೆಗೆ ಅಂಟಿಬರುವ ಬಾಲ ಕತ್ತರಿಸಲು ಕೈ ನೋಯುತ್ತದೆ, ತಲೆ ಸೀಳುತ್ತದೆ. ಕಾರಿನ ಚಕ್ರಕ್ಕೆ ಹೊಡೆಯುವ ತೂಕದ ತುಂಡುಗಳಲ್ಲಿ ಈಗ ಸತುವಿನವೂ ಕಬ್ಬಿಣದವೂ ಸೇರಿರುತ್ತವೆ. ಸತು ಕರಗುವುದು 419 ಡಿಗ್ರಿಯಲ್ಲಿ. ಕರಗಿಸುವ ಪಾತ್ರೆಯ ಕಾವನ್ನು 370 ದಾಟದಂತೆ ಇಟ್ಟರೆ ಸತುವಿನ ತುಂಡು ಮೇಲೇ ತೇಲುತ್ತದೆ, ಎತ್ತಿ ಬಿಸಾಡಬಹುದು. ತಪ್ಪಿ ಬೆರೆತುಹೋದರೆ ಇಡೀ ಪಾತ್ರೆ ಗಂಟುಗಂಟಾದ ರಾಗಿ ಗಂಜಿಯ ಹಾಗಾಗುತ್ತದೆ, ಅಚ್ಚಿನ ಮೂಲೆಗೆ ಇಳಿಯುವುದೇ ಇಲ್ಲ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆ ಬೇಡವೇ ಬೇಡ. ಅದರ ಆಮ್ಲವೂ ಅದರ ಫಲಕಗಳಿಂದ ಬರುವ ವಿಷಾನಿಲವೂ ಮನೆಯ ಕೆಲಸಕ್ಕೆ ಸಲ್ಲದವು.

ಇನ್ನು ಅಚ್ಚು. ಡೂ-ಇಟ್ ಅಚ್ಚಿನ ಎರಡು ಹೋಳು ಒಂದು ತುದಿಯಲ್ಲಿ ಕೀಲಿನಿಂದ ಕೂಡಿವೆ, ಇನ್ನೊಂದು ತುದಿಯಲ್ಲಿ ಹಿಡಿಕೆಗಳು. ಮುಚ್ಚಿದಾಗ ನಡುವೆ ಕಾಗದವೂ ತೂರದಷ್ಟು ಬಿಗಿ. ಇದೇ ಇದರ ದೊಡ್ಡ ಗುಣ. ಒಂದೇ ಅಚ್ಚಿನಲ್ಲಿ ಬೇರೆಬೇರೆ ತೂಕದ ಕುಳಿಗಳಿರುವ ಮಾದರಿಗಳೂ ಇವೆ, ಒಂದೇ ತೂಕದವೂ ಇವೆ. ಹೊಸಬರು ಬೇರೆಬೇರೆ ತೂಕದ್ದನ್ನೇ ಆರಿಸುವುದು ಸಹಜ. ಆದರೆ 1/16 ಔನ್ಸಿನ ಸಣ್ಣ ಕುಳಿ ಕೇಳುವ ಕಾವು 3/8 ಔನ್ಸಿನದಕ್ಕಿಂತ ಹೆಚ್ಚು, ಒಂದೇ ಸುತ್ತಿನಲ್ಲಿ ಎರಡನ್ನೂ ಚೆಂದ ತುಂಬುವುದು ಕಷ್ಟ. ಹೆಚ್ಚು ಬಳಸುವ ತೂಕ ಯಾವುದೆಂದು ಗೊತ್ತಿದ್ದರೆ ಅದೊಂದರ ಅಚ್ಚನ್ನೇ ಕೊಳ್ಳಿ.

ಗಾಳದ ವಿಷಯದಲ್ಲಿ ಈ ಅಚ್ಚು ಹಟಮಾರಿ. ಪ್ರತಿ ಕುಳಿಗೂ ಇಂಥ ಕಂಪನಿಯ ಇಂಥ ಸಂಖ್ಯೆಯ ಗಾಳವೆಂದು ಕಂಪನಿಯೇ ಪಟ್ಟಿ ಕೊಡುತ್ತದೆ, ಉದಾಹರಣೆಗೆ 90 ಡಿಗ್ರಿ ಬಾಗಿದ ಮುಸ್ತಾದ್ 32755 ಅಥವಾ ಈಗಲ್ ಕ್ಲಾ 570. ಪಟ್ಟಿಯನ್ನು ಬಿಟ್ಟು ದಪ್ಪ ತಂತಿಯ ಗಾಳ ಇಟ್ಟರೆ ಹೋಳುಗಳು ಪೂರ್ತಿ ಮುಚ್ಚುವುದಿಲ್ಲ, ಸೀಸ ಸಂದಿಯಲ್ಲಿ ಹರಿದು ಜಿಗ್ಗಿನ ಸುತ್ತ ತೆಳು ರೆಕ್ಕೆ ಮೂಡುತ್ತದೆ. ಒತ್ತಿ ಮುಚ್ಚಿದರೆ ಅಚ್ಚೇ ಗಾಯವಾಗುತ್ತದೆ. ಅಲ್ಯೂಮಿನಿಯಂ ಮೇಲೆ ಬಿದ್ದ ಗೀರು ಮತ್ತೆ ಹೋಗದು. ರೆಕ್ಕೆಗೆ ಬೇರೆ ಕಾರಣಗಳೂ ಉಂಟು: ಹೋಳಿನ ಮುಖದಲ್ಲಿ ಕೂತ ಸೀಸದ ಚೂರು, ಸಡಿಲ ಹಿಡಿತ, ಕಾವು ಅತಿಯಾದದ್ದು. ಮೊದಲು ಮುಖ ಒರೆಸಿ ನೋಡಿ, ಆಮೇಲೆ ಕಾವು ಇಳಿಸಿ.

ಹೊಸ ಅಚ್ಚಿಗೆ ಎಣ್ಣೆ ಪಸೆ ಇರುತ್ತದೆ. ಸೋಪುನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಆಮೇಲೂ ಬಿಸಿ ಗಾಳಿ ಹೊಡೆದು ಪೂರ್ತಿ ಒಣಗಿದೆಯೆಂದು ಖಾತ್ರಿ ಮಾಡಿಕೊಳ್ಳಿ. ಮೇಣದಬತ್ತಿಯ ಮಸಿಯನ್ನು ಕುಳಿಗಳಿಗೆ ತೆಳ್ಳಗೆ ಹಿಡಿಸಿದರೆ ಸೀಸ ಸಲೀಸಾಗಿ ಹರಿಯುತ್ತದೆ, ಜಿಗ್ಗೂ ಬಿಡಿಸಿಕೊಳ್ಳುತ್ತದೆ. ಮೊದಲ ಐದಾರು ಸಲ ಗಾಳವಿಲ್ಲದೆ ಬರೀ ಸೀಸ ಹೊಯ್ದು ತೆಗೆಯಿರಿ. ಮೊದಲ ದೋಸೆ ಕಾವಲಿಗೆ ಅನ್ನುವ ಲೆಕ್ಕ ಇಲ್ಲೂ ನಡೆಯುತ್ತದೆ, ಅಚ್ಚು ಕಾದಿಲ್ಲದಿದ್ದರೆ ತಲೆ ಸುಕ್ಕುಸುಕ್ಕಾಗಿ, ಅರ್ಧಂಬರ್ಧ ತುಂಬಿ ಬರುತ್ತದೆ. ಆದರೆ ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವ ಅಡುಗೆಮನೆಯ ಅಭ್ಯಾಸವನ್ನು ಇಲ್ಲಿ ಮಾತ್ರ ಮರೆತುಬಿಡಬೇಕು. ಕರಗಿದ ಸೀಸದೊಳಗೆ ಸಿಕ್ಕ ಒಂದು ಹನಿ ನೀರು ಆವಿಯಾಗಿ ಸಾವಿರದ ಏಳುನೂರು ಪಾಲು ಹಿಗ್ಗುತ್ತದೆ, ಕುಲುಮೆಯ ಸೀಸ ಮುಖಕ್ಕೆ ಹಾರುತ್ತದೆ. ಒದ್ದೆ ಗಟ್ಟಿ, ಬೆವರಿನ ಹನಿ, ತಂಪು ಸೌಟಿನ ಮೇಲಿನ ಪಸೆ, ಎಲ್ಲಕ್ಕೂ ಇದೇ ಮಾತು. ಹೊಸ ಗಟ್ಟಿಯನ್ನು ಕುಲುಮೆಯ ಅಂಚಿನಲ್ಲಿ ಇಟ್ಟು ಬಿಸಿಮಾಡಿಯೇ ಒಳಗೆ ಬಿಡಿ. ಕನ್ನಡಕ, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ, ಬೂಟು ಇಲ್ಲದೆ ಕುಲುಮೆಗೆ ಕರೆಂಟು ಕೊಡಬೇಡಿ.

ಅಚ್ಚು ಹದಕ್ಕೆ ಬಂದಾಗ ಜಿಗ್ ಬೆಳ್ಳಿಯ ಹಾಗೆ ಹೊಳೆಯುತ್ತ ಬರುತ್ತದೆ. ಹಿಮ ಬಿದ್ದಂತೆ ಮಂಕಾಗಿ ಬಂದರೆ ಕಾವು ಜಾಸ್ತಿಯಾಗಿದೆ, ಒಂದು ನಿಮಿಷ ಅಚ್ಚು ತೆರೆದಿಡಿ. ಬಾಲವನ್ನು ಇಕ್ಕಳದಿಂದ ಮುರಿಯುವುದಕ್ಕಿಂತ ಡೂ-ಇಟ್‌ನದೇ ಬಾಲ ಕತ್ತರಿಸುವ ಕತ್ತರಿ ಚೆನ್ನ, ತಲೆಗೆ ಸಮನಾಗಿ ಕತ್ತರಿಸುತ್ತದೆ.

ಈಗ ಪುಡಿ ಬಣ್ಣ. ಹೊಸಬರು ಹೆಚ್ಚು ಸೋಲುವುದು ಇಲ್ಲೇ. ಪ್ರೊ-ಟೆಕ್ ಪುಡಿ ಮೈದಾ ಹಿಟ್ಟಿನಷ್ಟು ನಯ. ಬಿಸಿ ತಲೆಯನ್ನು ಅದ್ದಿದರೆ ಮೈಗಂಟಿ ಕರಗುತ್ತದೆ. ಹದವಾದ ಕಾವು ಸುಮಾರು 177 ಡಿಗ್ರಿ ಸೆಲ್ಸಿಯಸ್. ಗಾಳದ ತುದಿಯನ್ನು ಇಕ್ಕಳದಲ್ಲಿ ಹಿಡಿದು, ಬಿಸಿ ಗಾಳಿ ಊದುವ ಹೀಟ್ ಗನ್ ಮುಂದೆ ತಲೆಯನ್ನು ತಿರುಗಿಸುತ್ತ ಬಿಸಿಮಾಡಿ, ಪುಡಿಯೊಳಗೆ ಒಂದೇ ಕ್ಷಣ ಬೀಸಿ ಹೊರತೆಗೆಯಿರಿ. ತೆಗೆದ ಕೂಡಲೇ ಕಣ್ಣಿಟ್ಟು ನೋಡಿ. ಮೊದಲು ರಂಗೋಲಿ ಪುಡಿ ಉದುರಿಸಿದಂತೆ ಮಂಕು, ಎರಡು ಮೂರು ಸೆಕೆಂಡಿನಲ್ಲಿ ಅಂಚಿನಿಂದ ಒಳಕ್ಕೆ ಒದ್ದೆಯಾದ ಹಾಗೆ ಹೊಳಪು ಹರಡುತ್ತದೆ. ಈ ಹೊಳಪು ತಾನಾಗಿ ಹರಡಿದರೆ ಕಾವು ಸರಿಯಾಗಿದೆ. ಮಂಕಾಗಿಯೇ ಉಳಿದು ಕಿತ್ತಳೆ ಸಿಪ್ಪೆಯ ಹಾಗೆ ಕಂಡರೆ ಕಾವು ಸಾಲದು, ಮತ್ತೆ ಸ್ವಲ್ಪ ಗಾಳಿ ತೋರಿಸಿ. ಪುಡಿಯಲ್ಲಿದ್ದಾಗಲೇ ದಪ್ಪಗೆ ಮೆತ್ತಿಕೊಂಡು, ಹೊರಬಂದ ಮೇಲೆ ಪಾಕದಂತೆ ಇಳಿದು ಗಲ್ಲದ ಕೆಳಗೆ ತೊಟ್ಟಾಗಿ ನಿಂತರೆ ಕಾವು ಮೀರಿದೆ. ಅದಕ್ಕೆ ಪರಿಹಾರವಿಲ್ಲ, ಕರಗಿಸುವ ಪಾತ್ರೆಗೇ ವಾಪಸು, ಅದೂ ಬಯಲಿನಲ್ಲಿ.

ಮೇಣದಬತ್ತಿಯ ಮೇಲೆ ಬಿಸಿಮಾಡುವವರಿದ್ದಾರೆ. ಬಿಳಿ, ಹಳದಿ ಬಣ್ಣಕ್ಕೆ ಅದರ ಮಸಿ ಹಿಡಿಯುತ್ತದೆ, ಸ್ಪಿರಿಟ್ ದೀಪ ವಾಸಿ. ಉರಿಯನ್ನು ಗಾಳದ ಮೊನೆಗೆ ತಾಗಿಸಬೇಡಿ, ಉಕ್ಕಿನ ಹದ ಹೋಗಿ ಮೊನೆ ಬಾಗುತ್ತದೆ. ತೆರೆದ ಉರಿಯ ಹತ್ತಿರ ಪುಡಿಯ ಡಬ್ಬಿಯನ್ನೂ ಇಡಬೇಡಿ, ಗಾಳಿಯಲ್ಲಿ ಹಾರಿದ ನಯವಾದ ಪುಡಿಗೆ ಬೆಂಕಿ ಹತ್ತುತ್ತದೆ. ಹತ್ತಾರು ಜಿಗ್ಗುಗಳಿಗೆ ಒಂದೇ ದಪ್ಪದ ಬಣ್ಣ ಬೇಕಿದ್ದರೆ ಮೀನಿನ ತೊಟ್ಟಿಯ ಗಾಳಿ ಪಂಪು ಜೋಡಿಸಿದ ಪುಡಿ ಲೋಟ ಮಾಡಿಕೊಳ್ಳುವುದು ಒಳ್ಳೆಯದು. ತಳದ ತೆಳು ಪರದೆಯ ಮೂಲಕ ಗಾಳಿ ಏರುತ್ತದೆ, ಪುಡಿ ಹಾಲು ಉಕ್ಕುವಂತೆ ಹಗುರಾಗಿ ಏಳುತ್ತದೆ. ಡಬ್ಬಿಯಲ್ಲೇ ಅದ್ದುವವರು ಪ್ರತಿ ಐದಾರಕ್ಕೊಮ್ಮೆ ಡಬ್ಬಿಯನ್ನು ಕುಲುಕಿ ಪುಡಿಯನ್ನು ಸಡಿಲ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಕೆನ್ನೆಗೆ ದಪ್ಪ, ಇನ್ನೊಂದಕ್ಕೆ ತೆಳು.

ದಾರ ಪೋಣಿಸುವ ಕಣ್ಣಿಗೆ ಬಣ್ಣ ತುಂಬಿಕೊಳ್ಳುತ್ತದೆ. ಅದ್ದಿದ ತಕ್ಷಣ, ಬಣ್ಣ ಮೆತ್ತಗಿರುವಾಗಲೇ ದಬ್ಬಣ ತೂರಿಸಿ ತೆಗೆದುಬಿಡಿ. ಬೇಯಿಸಿದ ಮೇಲೆ ಕಲ್ಲಿನ ಹಾಗಾಗುತ್ತದೆ. ಹೊಳೆಯುವ ಫ್ಲೋರೆಸೆಂಟ್ ಬಣ್ಣಗಳ ಕೆಳಗೆ ಮೊದಲು ಬಿಳಿ ಕೊಡದಿದ್ದರೆ ಸೀಸದ ಬೂದು ಇಣುಕಿ ಬಣ್ಣ ಮಂಕಾಗುತ್ತದೆ.

ಅದ್ದಿ ತಣಿದದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳುವುದು ದೊಡ್ಡ ತಪ್ಪು. ಹೊಳಪು ಬಂದಿರುತ್ತದೆ, ಗಟ್ಟಿತನ ಬಂದಿರುವುದಿಲ್ಲ. ತಂತಿಗೆ ಒಂದಕ್ಕೊಂದು ತಾಗದಂತೆ ನೇತುಹಾಕಿ, 177 ಡಿಗ್ರಿ ಓವನ್ನಿನಲ್ಲಿ 15ರಿಂದ 20 ನಿಮಿಷ ಬೇಯಿಸಿ. ಓವನ್ನಿನ ಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಬೆಂದಿದೆಯೇ ಎಂದು ತಿಳಿಯಲು ಒಂದನ್ನು ಬಲಿಕೊಡಬೇಕು: ಸುತ್ತಿಗೆಯಿಂದ ಚಪ್ಪಟೆ ಮಾಡಿ. ಬಣ್ಣ ಸೀಸದ ಜೊತೆಗೇ ಹಿಗ್ಗಿದರೆ ಬೆಂದಿದೆ, ಹಕ್ಕಳೆಯಾಗಿ ಎದ್ದರೆ ಬೆಂದಿಲ್ಲ, ಇಲ್ಲವೇ ಕೆಳಗೆ ಎಣ್ಣೆಯಿತ್ತು. ಅಸಿಟೋನ್ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಟ್ಟೆಗೆ ಹತ್ತಿದರೂ ಅದೇ ಅರ್ಥ. ಎರಕ ಹೊಯ್ದ ದಿನವೇ, ಬೆರಳ ಪಸೆ ತಾಗುವ ಮೊದಲೇ ಬಣ್ಣ ಕೊಟ್ಟ ಜಿಗ್ಗುಗಳು ಕಲ್ಲಿಗೆ ಬಡಿದರೂ ಅಷ್ಟು ಬೇಗ ಸಿಪ್ಪೆ ಏಳುವುದಿಲ್ಲ.

ಈ ಓವನ್ನಿನಲ್ಲಿ ಮತ್ತೆಂದೂ ಆಹಾರ ಬೇಯಿಸಕೂಡದು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. 400 ಡಿಗ್ರಿಯಲ್ಲಿ ಸೀಸದ ಆವಿ ಅಲ್ಪ. ಅಪಾಯ ಬರುವುದು ಕಿಟ್ಟದ ಧೂಳಿನಿಂದ, ಕೈಯಿಂದ ಬಾಯಿಗೆ. ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಕುಲುಮೆಯ ಹತ್ತಿರ ಸುಳಿಯದಿರಲಿ. ಕೆಲಸದ ಬಟ್ಟೆ ಮನೆಯವರ ಬಟ್ಟೆಯೊಂದಿಗೆ ಒಗೆಯಕೂಡದು. ಮಕ್ಕಳೂ ಗರ್ಭಿಣಿಯರೂ ಆ ಜಾಗಕ್ಕೇ ಬರಬಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಸೀಸಕ್ಕೆ ಇಟ್ಟ ಎಚ್ಚರಿಕೆಯ ಗೆರೆ ಡೆಸಿಲೀಟರಿಗೆ ಬರೀ 3.5 ಮೈಕ್ರೋಗ್ರಾಂ. ವರ್ಷಕ್ಕೊಮ್ಮೆ ನಿಮ್ಮ ರಕ್ತ ಪರೀಕ್ಷೆಯೂ ಆಗಲಿ.

ಕೊಳ್ಳುವ ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಲೂನ್ ಹಕ್ಕಿಗಳು ಸೀಸದ ಜಿಗ್ ನುಂಗಿ ಸಾಯುತ್ತವೆ, ಒಂದೇ ಸಾಕು. ಮ್ಯಾಸಚೂಸೆಟ್ಸ್ 2012ರಿಂದ ಒಳನಾಡಿನ ನೀರಿನಲ್ಲಿ ಒಂದು ಔನ್ಸಿಗಿಂತ ಕಡಿಮೆ ತೂಕದ ಸೀಸದ ಜಿಗ್ಗುಗಳನ್ನು ನಿಷೇಧಿಸಿದೆ. ನ್ಯೂ ಹ್ಯಾಂಪ್‌ಶೈರಿನಲ್ಲಿ 2016ರಿಂದ ಒಂದು ಔನ್ಸು ಮತ್ತು ಅದಕ್ಕಿಂತ ಕಡಿಮೆಯವಕ್ಕೆ ನಿಷೇಧವಿದೆ. ಅಲ್ಲಿನವರು ಇದೇ ಅಚ್ಚಿಗೆ ಬಿಸ್ಮತ್-ತವರದ ಮಿಶ್ರಣ ಹೊಯ್ಯುತ್ತಾರೆ. ಅದು ಚೆನ್ನಾಗಿಯೇ ತುಂಬುತ್ತದೆ, ತೂಕ ಮಾತ್ರ ಇಳಿಯುತ್ತದೆ, ಕಾಲು ಔನ್ಸಿನ ಕುಳಿಯಲ್ಲಿ ಸಿಗುವುದು 5.3 ಗ್ರಾಮಿನಷ್ಟು. ಆದರೆ 58ಕ್ಕೆ 42ರ ಈ ಮಿಶ್ರಣ ಕರಗುವುದು 138 ಡಿಗ್ರಿಯಲ್ಲಿ. 177ರ ಓವನ್ನಿಗೆ ಇಟ್ಟರೆ ತಲೆ ಗಾಳದಿಂದ ಜಾರಿ ತಟ್ಟೆಗೆ ಬೀಳುತ್ತದೆ. ಹಾಗಾಗಿ ಈ ಮಿಶ್ರಣದವರಿಗೆ ಪ್ರೊ-ಟೆಕ್ ಪುಡಿ ಒಗ್ಗದು, ಗಾಳಿಗೆ ಒಣಗುವ ವಿನೈಲ್ ಬಣ್ಣವೇ ಗತಿ. ಪುಡಿಯೇ ಬೇಕೆಂದರೆ 232 ಡಿಗ್ರಿಯಲ್ಲಿ ಕರಗುವ ಶುದ್ಧ ತವರ ಹೊಯ್ಯಬೇಕು. ಅದೇ ಕುಳಿಗೆ ಅದರ ತೂಕ 4.6 ಗ್ರಾಂ, ಅಂದರೆ ಒಂದು ಅಳತೆ ದೊಡ್ಡ ಕುಳಿಯ ಅಚ್ಚನ್ನೇ ತರಿಸಿಕೊಳ್ಳಿ.